ಬೇಲಿಯಿಲ್ಲದ ಮಾಳ

"ಗುರುಗಳೇ, ಬೇಲಿಯೇ ಇಲ್ಲದ ಆಕಾಶದಲ್ಲಿ ಎಲ್ಲೆ ದಾಟಿದರೆ ಅದು ನನ್ನ ತಪ್ಪು ಹೇಗಾಗುತ್ತದೆ?"

ಕೇಳಿದವನು ಸಂಪತ್ಕುಮಾರ. ಸ್ವಂತಕ್ಕೊಂದು ಪುಟ್ಟ ವಿಮಾನ ಇಟ್ಟುಕೊಂಡು ಹಾರುವವನು. ಮೊನ್ನೆ ಹಾರಾಟ ನಿಷೇಧಿಸಿದ್ದ ಜಾಗದೊಳಗೆ ನುಗ್ಗಿ ಸಿಕ್ಕಿಬಿದ್ದಿದ್ದ. ಲೈಸೆನ್ಸ್ ಹೋಗುವುದರಲ್ಲಿತ್ತು. ಹಾರಲು ಕಲಿಸಿದ ಚೆಂಗಪ್ಪನವರು 'ಇವನದೇನೂ ತಪ್ಪಿಲ್ಲ' ಎಂದು ಬರೆದುಕೊಟ್ಟರೆ ಉಳಿಯಬಹುದಿತ್ತು. ಕಾಗದವನ್ನು ತಾನೇ ಬರೆದು ತಂದಿದ್ದ, ಸಹಿಯೊಂದೇ ಬಾಕಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲ ಬಿಟ್ಟು ಆಕಾಶವನ್ನೇ ಡೊಂಕು ಎನ್ನುತ್ತಿದ್ದ.

ಚೆಂಗಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕಾಗದ ಕೈಗೆ ತೆಗೆದುಕೊಂಡು ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನು ಕುರಿ ಮೇಯಿಸುವ ಮಾಳದಲ್ಲೇ ಸಿಪಾಯಿಗಳು ಫಿರಂಗಿ ಹಾರಿಸುವ ಅಭ್ಯಾಸ ಮಾಡುತ್ತಿದ್ದರು. ಸುತ್ತ ಬೇಲಿ ಇರಲಿಲ್ಲ. ಗುಂಡು ಹಾರಿಸುವಾಗ ದಿಬ್ಬದ ಮೇಲೆ ಕೆಂಪು ಬಾವುಟ ಏರುತ್ತಿತ್ತು, ಮುಗಿದ ಮೇಲೆ ಇಳಿಯುತ್ತಿತ್ತು. ಕುರಿಗಳು ನೀರು ಕುಡಿಯುವ ಕಟ್ಟೆ ಆ ಮಾಳದ ನಡುವೆಯೇ ಇತ್ತು. ಬಾವುಟ ಇಳಿದಿದ್ದರೂ ಅವನು ಹಾಗೆಯೇ ಒಳಗೆ ಹೋಗುತ್ತಿರಲಿಲ್ಲ. ಅಂಚಿನಲ್ಲಿ ನಿಂತು "ಬರಲಾ ಬುದ್ಧೀ?" ಎಂದು ಕಾವಲಿನವನನ್ನು ಕೂಗುತ್ತಿದ್ದ. "ಬಾ" ಎಂಬ ಮಾತು ಕಿವಿಗೆ ಬಿದ್ದ ಮೇಲೆಯೇ ಹೆಜ್ಜೆ ಇಡುತ್ತಿದ್ದ. ಹನ್ನೊಂದು ವರ್ಷ ಹೀಗೆಯೇ ನಡೆಯಿತು. ಕಾವಲಿನವರು ನಗುತ್ತಿದ್ದರು. ನಗಲಿ ಬಿಡು, ಅವನ ಒಂದು ಕುರಿಗೂ ಗುಂಡು ತಗಲಲಿಲ್ಲ.

ಅದೇ ಸೀಮೆಯಲ್ಲಿ ಒಬ್ಬ ವ್ಯಾಪಾರಿ ವಿಮಾನ ಕೊಂಡಿದ್ದ. ಒಂದು ಬೇಸಿಗೆಯಲ್ಲಿ, ಹಾರುವ ಮೊದಲು ಅಂದಿನ ಪ್ರಕಟಣೆ ಓದಿದ. ರಾತ್ರಿ ಹನ್ನೆರಡೂವರೆಯಿಂದ ಬೆಳಗಿನ ಜಾವ ನಾಲ್ಕೂವರೆಯವರೆಗೆ ಮಾಳದ ಮೇಲೆ ಯಾರೂ ಹಾರಕೂಡದು ಎಂದಿತ್ತು. 'ಸರಿರಾತ್ರಿಯಲ್ಲಿ ಗುಂಡು ಹಾರಿಸಿಕೊಳ್ಳಲಿ, ನನಗೇನು' ಎಂದುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟ. ವಿಮಾನಗಳ ಪ್ರಕಟಣೆಯಲ್ಲಿರುವುದು ಗ್ರೀನಿಚ್ಚಿನ ಗಂಟೆ. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮದು. ಹಾರಲು ಕಲಿಯುವವನಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ಗುಂಡು ಹಾರುತ್ತಿದ್ದದ್ದು ಬೆಳಗಿನ ಆರರಿಂದ ಹತ್ತರವರೆಗೆ. ವ್ಯಾಪಾರಿ ನೆಟ್ಟಗೆ ಅದರ ನಡುವೆ ಬಂದ.

ವಿಮಾನ ಕಂಡು ಫಿರಂಗಿಗಳು ನಿಂತವು. ತನಿಖೆ, ಫೋನು, ಗದ್ದಲ ಶುರುವಾಯಿತು. ಉಳಿದ ಅಭ್ಯಾಸ ಮಧ್ಯಾಹ್ನಕ್ಕೆ ಹೋಯಿತು. ಹತ್ತಕ್ಕೆ ಇಳಿಯಬೇಕಿದ್ದ ಬಾವುಟ ಸಂಜೆಯಾದರೂ ಇಳಿಯಲಿಲ್ಲ. ಕುರಿಗಾಹಿ ಅಂಚಿನಲ್ಲಿ ನಿಂತು ಕೂಗಿದ, ಮತ್ತೆ ಮತ್ತೆ ಕೂಗಿದ. "ಇನ್ನೂ ಇಲ್ಲ" ಎಂದರು. ಕಟ್ಟೆಯ ನೀರು ಕಣ್ಣಿಗೆ ಕಾಣುತ್ತಿತ್ತು. ಅವನು ದಾಟಲಿಲ್ಲ. ಆ ಬಿಸಿಲಿಗೆ ಎರಡು ಎಳೆಮರಿಗಳು ಅವನ ಮುಂದೆಯೇ ಸತ್ತವು.

ಮಾರನೆಯ ದಿನ ಸತ್ತ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಅವನು ವ್ಯಾಪಾರಿಯ ಬಾಗಿಲಿಗೆ ಹೋದ.

"ಆಕಾಶಕ್ಕೆ ಬೇಲಿ ಎಲ್ಲಿದೆಯಯ್ಯಾ?" ಎಂದ ವ್ಯಾಪಾರಿ. "ನಾನು ಎಲ್ಲ ಓದಿಕೊಂಡೇ ಹೋದವನು."

"ನಮ್ಮ ಮಾಳಕ್ಕೂ ಬೇಲಿ ಇಲ್ಲ ಬುದ್ಧೀ. ನನಗೆ ಓದೂ ಬರಾಕಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳ್ತೀನಿ. ನಿಮ್ಮ ಬಾಯಿಗೆ ಏನಾಗಿತ್ತು?"

ಚೆಂಗಪ್ಪನವರು ಅಲ್ಲಿಗೆ ನಿಲ್ಲಿಸಿದರು. ಸಂಪತ್ಕುಮಾರನಿಗೆ ಆ ಮರಿಗಳನ್ನು ನೆನೆದು ಅಯ್ಯೋ ಎನಿಸಿತ್ತು. ವ್ಯಾಪಾರಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಎಂಥ ದುರಹಂಕಾರಿ!" ಎಂದ. "ವಿಮಾನದಲ್ಲಿ ಎದುರಿಗೇ ರೇಡಿಯೊ ಇತ್ತು. 'ಬರಲಾ' ಅಂತ ಒಂದು ಮಾತು ಕೇಳಲು ಅವನಿಗೇನು ಧಾಡಿ?"

ಚೆಂಗಪ್ಪನವರು ಕಾಗದವನ್ನೂ ಪೆನ್ನನ್ನೂ ಅವನ ಮುಂದಕ್ಕೆ ತಳ್ಳಿದರು.

"ಮೊನ್ನೆ ನೀನು ಯಾರನ್ನು ಕೇಳಿ ಒಳಗೆ ಹೋದೆಯೋ ಅವರ ಹೆಸರನ್ನು ಇದರಲ್ಲಿ ಬರೆ, ಈಗಲೇ ಸಹಿ ಹಾಕುತ್ತೇನೆ."