ಬಾಗಿಲಿನೊಳಗಿನ ನೀರು

ನದಿ ಕಡಲಿಗೆ ಸೇರುವ ಕಡೆ ಮರಳುದಿಬ್ಬದ ಮೇಲೆ ತಿಮ್ಮಪ್ಪಯ್ಯನವರ ಆಶ್ರಮ. ನಾಲ್ಕು ಕೋಣೆ, ಒಂದು ಬಾವಿ, ಒಂದು ಹಳೆಯ ಬಿಳಿ ಕಾರು.

ದಾಮೋದರ ಘಟ್ಟದ ಮೇಲಿನಿಂದ ಬಂದವನು. ಚಿತ್ರದುರ್ಗದಲ್ಲಿ ಇಪ್ಪತ್ತೈದು ವರ್ಷ ಸೀರೆ ಅಂಗಡಿ ನಡೆಸಿ, ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ಐವತ್ತನೆಯ ವಯಸ್ಸಿನಲ್ಲಿ ಗುರುಗಳ ಕಾಲಿಗೆ ಬಿದ್ದ.

"ನನ್ನನ್ನು ನಾನು ತಿಳಿಯಬೇಕು ಗುರುಗಳೇ," ಎಂದ.

ಗುರುಗಳು ಕಾರಿನ ಕೀ ಕೊಟ್ಟರು. "ಇದಕ್ಕೆ ತುಕ್ಕು ಹಿಡಿಯದ ಹಾಗೆ ನೋಡಿಕೋ."

ದಾಮೋದರನಿಗೆ ತಲೆಬುಡ ಅರ್ಥವಾಗಲಿಲ್ಲ. "ಎಷ್ಟು ದಿನ?"

"ಗುಲಾಬಿಗೆ ಬೇಕಾಗುವಷ್ಟು ದಿನ."

ಗುಲಾಬಿ ದಿಬ್ಬದ ಆಚೆ ಬದಿಯ ಹೆಂಗಸು. ಮೀನು ಮಾರಿ ಬದುಕಿದವಳು. ಈಗ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಹೋಗಬೇಕು. ದಿಬ್ಬಕ್ಕೆ ಬಸ್ಸು ಬರುವುದಿಲ್ಲ. ಅವಳಿಗಿದ್ದದ್ದು ಆಶ್ರಮದ ಕಾರೊಂದೇ; ಇನ್ನು ಅದನ್ನು ಓಡಿಸುವವನು ದಾಮೋದರ.

ಅಂಗಡಿಯವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಮಾಲು ಕಣ್ಣಿಗೆ ಚೆಂದ ಕಾಣಬೇಕು.

ಅವನು ದಿನಾ ಬೆಳಿಗ್ಗೆ ಕಾರು ಒರೆಸಿ ಪಾಲಿಶ್ ಹಚ್ಚಿದ. ಉಪ್ಪುಗಾಳಿ ತಾಗದಿರಲಿ ಎಂದು ದಪ್ಪ ಟಾರ್ಪಾಲು ತಂದು ನೆಲ ಮುಟ್ಟುವಂತೆ ಹೊದಿಸಿ ಕಟ್ಟಿದ. ಬಾಗಿಲುಗಳ ಕೆಳಅಂಚಿನಲ್ಲಿ ಕಿರುಬೆರಳೂ ಹೋಗದಂಥ ತೂತುಗಳಿದ್ದವು. ನೀರು ನುಗ್ಗುವುದು ಇಲ್ಲಿಂದಲೇ ಎಂದುಕೊಂಡು ಒಂದೊಂದಕ್ಕೂ ಪುಟ್ಟಿ ಮೆತ್ತಿ ಮುಚ್ಚಿದ.

ಕಾರು ಮದುಮಗನ ಹಾಗೆ ಹೊಳೆಯಿತು.

ಗುರುಗಳು ಬಂದು ಒಂದು ಸುತ್ತು ಹಾಕಿದರು. ಬೆರಳ ಗೆಣ್ಣಿನಿಂದ ಬಾಗಿಲಿನ ಕೆಳಭಾಗವನ್ನು ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿ, ಹೊರಟು ಹೋದರು.

ಅದು ಮೆಚ್ಚುಗೆಯೋ ಅಲ್ಲವೋ ದಾಮೋದರನಿಗೆ ತಿಳಿಯಲಿಲ್ಲ.

ಮಳೆಗಾಲ ಬಂತು. ಒಂದು ದಿನ ಕಾರಿನ ಬಾಗಿಲು ಹಾಕುವಾಗ ಅದರೊಳಗಿಂದ ಗಳಗಳ ಸದ್ದು. ಕೊಡದಲ್ಲಿ ನೀರು ತುಳುಕಿದ ಹಾಗೆ.

ಅವನು ಗುರುಗಳ ಬಳಿಗೆ ಓಡಿದ. "ತೂತುಗಳನ್ನೆಲ್ಲ ಮುಚ್ಚಿದ್ದೇನೆ. ಆದರೂ ಬಾಗಿಲೊಳಗೆ ನೀರು! ಎಲ್ಲಿಂದ ಬರುತ್ತದೆ?"

"ಬರುವ ದಾರಿ ಕೇಳುತ್ತೀಯ," ಎಂದರು ಗುರುಗಳು. "ಹೋಗುವ ದಾರಿ ಯಾಕೆ ಕೇಳುವುದಿಲ್ಲ?"

ದಾಮೋದರ ಆ ಮಾತನ್ನು ಮೂರು ದಿನ ಧ್ಯಾನ ಮಾಡಿದ. ಜೀವ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಯೋಚಿಸಿದ. ಕಾರಿನ ಬಾಗಿಲು ಮಾತ್ರ ಅವನಿಗೆ ಹೊಳೆಯಲಿಲ್ಲ.

ಮಳೆ ನಿಲ್ಲುವ ಹೊತ್ತಿಗೆ ಬಾಗಿಲಿನ ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತು. ಅವನು ಗುಳ್ಳೆ ಕೆರೆದು, ಪುಟ್ಟಿ ಹಚ್ಚಿ, ಮೇಲೆ ಬಣ್ಣ ಬಳಿದ. ಹಿಂದಿನ ಸೀಟಿನ ಮುಂದೆ ರಬ್ಬರ್ ಮ್ಯಾಟ್ ಎತ್ತಿದಾಗ ಅಡಿಯಲ್ಲಿ ತೇವ, ಕಂದು ಪುಡಿ. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಹೊಸ ಮ್ಯಾಟ್ ತಂದು ಹಳೆಯದರ ಮೇಲೇ ಹಾಸಿದ.

ಅದಾಗಿ ಒಂಬತ್ತನೆಯ ದಿನ.

ಡಯಾಲಿಸಿಸ್ ಮುಗಿಸಿ ಗುಲಾಬಿ ಮರಳಿದ್ದಳು. ಸುಸ್ತಾಗಿದ್ದಳು. ಇಳಿಯಲೆಂದು ಎಡಗಾಲು ಊರಿ ಮೈಭಾರ ಬಿಟ್ಟಳು. ಮ್ಯಾಟ್ ಕುಸಿಯಿತು. ಕಾಲು ಮೀನಖಂಡದವರೆಗೆ ಕಾರಿನ ನೆಲದೊಳಗೆ ಇಳಿಯಿತು.

"ಅಯ್ಯಯ್ಯೋ, ದಾಮಣ್ಣಾ!"

ಹರಿದ ತಗಡು ಕಾಲನ್ನು ಸೀಳಿತ್ತು. ಡಯಾಲಿಸಿಸ್ ಆದ ದಿನ ಅವಳ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ದಾಮೋದರ ಹೆಗಲ ಬಟ್ಟೆ ಬಿಗಿದ. ಬಟ್ಟೆ ನೆನೆಯಿತು. ಗುರುಗಳು ಓಡಿಬಂದು ಹಿಂದೆ ಕುಳಿತು ಎರಡು ಕೈಯಲ್ಲೂ ಗಾಯ ಒತ್ತಿ ಹಿಡಿದರು. ಅದೇ ಕಾರಿನಲ್ಲಿ ಮತ್ತೆ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ನೆಲದ ತೂತಿನಿಂದ ರಸ್ತೆ ಓಡುವುದು ಕಾಣುತ್ತಿತ್ತು.

ಹನ್ನೊಂದು ಹೊಲಿಗೆ ಬಿದ್ದವು. ರಕ್ತ ನಿಂತಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ದಾಮೋದರ ಅತ್ತ. "ಒಂದು ದಿನ ತಪ್ಪಿಸದೆ ನೋಡಿಕೊಂಡೆನಲ್ಲ ಗುರುಗಳೇ. ನನ್ನಿಂದ ಏನು ತಪ್ಪಾಯಿತು? ಒಂದೂ ಗೊತ್ತಾಗುತ್ತಿಲ್ಲ."

ಗುರುಗಳು ಪಕ್ಕದ ನಲ್ಲಿಯಲ್ಲಿ ಕೈಗೆ ಅಂಟಿದ ರಕ್ತ ತೊಳೆದುಕೊಳ್ಳುತ್ತಿದ್ದರು. "ಒಂದೂ?"

ಅವನು ಕಣ್ಣೊರೆಸಿಕೊಂಡ.

"ಮ್ಯಾಟಿನ ಅಡಿ ನೋಡಿದ್ದೆ," ಎಂದ ಕೊನೆಗೆ.

ಗುರುಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಮರುದಿನ ಬೆಳಿಗ್ಗೆ ಗುರುಗಳು ಟಾರ್ಪಾಲು ಕಿತ್ತೆಸೆದರು. ಅದರ ಒಳಮೈ ತುಂಬ ನೀರಹನಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಹೊಳೆಯುವ ಬಾಗಿಲಿಗೆ ಚುಚ್ಚಿದರು. ಅದು ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಇನ್ನೊಂದು ಕಡೆ ಚುಚ್ಚಿದರು. ಮತ್ತೊಂದು ಕಡೆ.

"ಗುರುಗಳೇ! ಇದ್ದದ್ದನ್ನೂ ಹಾಳು ಮಾಡುತ್ತಿದ್ದೀರಿ!"

"ತಗಡು ಇದ್ದ ಕಡೆ ಇದು ಒಳಗೆ ಹೋಗುವುದಿಲ್ಲ," ಎಂದು ಅವರು ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟರು.

ದಾಮೋದರ ಚುಚ್ಚಲಾರದೆ ಚುಚ್ಚಿದ. ಕೆಲವು ಕಡೆ ಒಳಗೆ ಹೋಯಿತು. ಕೆಲವು ಕಡೆ ಟಣ್ ಎಂದಿತು. ನೋಡಿದರೆ ಎರಡೂ ಒಂದೇ ಥರ.

ಬಾಗಿಲಿನ ಅಡಿ ಮಲಗಿ, ತಾನೇ ಮೆತ್ತಿದ ಪುಟ್ಟಿಯನ್ನು ಮೊಳೆಯಿಂದ ಕಿತ್ತ. ಕೊಳೆತ ಕಂದುನೀರು ಮುಖದ ಮೇಲೆ ಸುರಿಯಿತು. ಮಳೆನೀರು ಕಿಟಕಿಯ ಗಾಜಿನ ಸಂದಿಯಿಂದ ಯಾವಾಗಲೂ ಇಳಿಯುತ್ತದೆ, ಇಳಿದದ್ದು ಹೊರಟು ಹೋಗಲೆಂದೇ ಕಾರು ಮಾಡಿದವರು ಆ ತೂತು ಬಿಟ್ಟಿರುತ್ತಾರೆ ಎಂದು ಅವನಿಗೆ ಆಗ ತಿಳಿಯಿತು. ಬಾಯೊಳಗೆ ತುಕ್ಕಿನ ರುಚಿ. ನಗು ಬಂತೋ ಅಳು ಬಂತೋ ಅವನಿಗೇ ಗೊತ್ತಾಗಲಿಲ್ಲ.

ಹನ್ನೆರಡು ದಿನ ಕೆಲಸ ನಡೆಯಿತು. ಕೆರೆದು, ಬಿಳಿ ಲೋಹ ಕಾಣುವವರೆಗೆ ಎಮರಿ ಕಾಗದ ಹಾಕಿ ಉಜ್ಜಿದ. ಪಟ್ಟಣದಿಂದ ಟಿಂಕರ್ ಬಂದು ನೆಲಕ್ಕೆ ಹೊಸ ತಗಡು ಬೆಸೆದು ಹೋದ. ದಾಮೋದರ ಅದರ ಮೇಲೂ ಕೆಳಗೂ ತುಕ್ಕು ತಡೆಯುವ ಪ್ರೈಮರ್ ಬಳಿದ. ಕಾರಿನ ಅಡಿಯನ್ನು ಬಾವಿಯ ಸಿಹಿನೀರಿನಿಂದ ತೊಳೆದು, ಗಾಳಿಗೆ ಒಣಗಲು ಬಿಟ್ಟ.

ಆ ದಿನಗಳಲ್ಲಿ ಗುಲಾಬಿಯನ್ನು ದೋಣಿಯಲ್ಲಿ ಹೊಳೆ ದಾಟಿಸಿ, ಆಚೆ ದಡದಿಂದ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಅವಳು ದಾರಿಯಲ್ಲಿ ಮಾತಾಡುತ್ತಿರಲಿಲ್ಲ.

ಹದಿಮೂರನೆಯ ದಿನ ಕಾರು ಸಿದ್ಧವಾಗಿ ನಿಂತಿತು. ಮೈಮೇಲೆಲ್ಲ ಕೆಂಪು ಪ್ರೈಮರಿನ ತೇಪೆ. ನೋಡಲು ಚೆಂದವಿರಲಿಲ್ಲ.

ಗುಲಾಬಿ ಕೋಲೂರಿಕೊಂಡು ಬಂದಳು. ಕಾರಿನಿಂದ ಎರಡು ಮಾರು ದೂರದಲ್ಲೇ ನಿಂತಳು.

"ದಾಮಣ್ಣ, ಗಟ್ಟಿ ಉಂಟಾ?"

ಹೌದು ಎನ್ನುವ ಮಾತು ಅಂಗಡಿಯವನ ನಾಲಗೆಯ ತುದಿಗೆ ಬಂತು. ಇಪ್ಪತ್ತೈದು ವರ್ಷ ಬಂದದ್ದೇ ಆ ಮಾತು. ಅವನು ಅದನ್ನು ನುಂಗಿಕೊಂಡ.

"ನೆಲ ಗಟ್ಟಿ ಇದೆ ಗುಲಾಬಿಯಕ್ಕ. ನಾನೇ ಮೇಲೆ ಕುಣಿದು ನೋಡಿದ್ದೇನೆ. ಬಲಗಡೆ ಬಾಗಿಲೂ ಗಟ್ಟಿ. ಎಡಗಡೆಯದನ್ನು ಇನ್ನೂ ಪೂರ್ತಿ ಬಿಚ್ಚಿ ನೋಡಿಲ್ಲ. ಅದರೊಳಗೆ ಹೇಗಿದೆಯೋ ನನಗೆ ಗೊತ್ತಿಲ್ಲ."

ಅವಳು ಅವನ ಮುಖವನ್ನು ನೋಡಿದಳು. ಕಾರನ್ನು ನೋಡಲಿಲ್ಲ.

"ಹಾಗಾದ್ರೆ ಬಲಗಡೆಯಿಂದ ಹತ್ತುತ್ತೇನೆ ಮಾರಾಯ. ಸ್ವಲ್ಪ ಕೈ ಕೊಡು," ಎಂದಳು.

ಸಂಜೆ ಅವಳನ್ನು ಮನೆ ಮುಟ್ಟಿಸಿ ಬಂದು ದಾಮೋದರ ಗುರುಗಳ ಮುಂದೆ ಕುಳಿತ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ.

"ಗುರುಗಳೇ, ಉಪ್ಪುಗಾಳಿ ನಿಲ್ಲುವುದಿಲ್ಲ. ಮತ್ತೆ ಮಳೆ ಬರುತ್ತದೆ, ಮತ್ತೆ ತುಕ್ಕು ಬರುತ್ತದೆ. ನಾನು ನನ್ನನ್ನು ತಿಳಿಯಲು ಬಂದವನು. ವರ್ಷವಾಯಿತು. ಎಡಬಾಗಿಲಿನ ಒಳಗೇನಿದೆ ಎನ್ನುವುದೂ ತಿಳಿದಿಲ್ಲ. ನನಗೆ ಏನು ಗೊತ್ತಾದ ಹಾಗಾಯಿತು?"

ಗುರುಗಳು ಹೊಳೆಯ ಕಡೆ ನೋಡುತ್ತಿದ್ದವರು ಅವನ ಕಡೆ ತಿರುಗಿದರು.

"ಗೊತ್ತಿಲ್ಲ ಎಂದು ನೀನು ಹೇಳಿದ ಮೇಲೆಯೇ ಗುಲಾಬಿ ಕಾರು ಹತ್ತಿದ್ದು."