ಹುಲ್ಲಿಗೆ ಹೋದ ಹಬ್ಬದ ನೀರು

ಒಂದಾನೊಂದು ಕಾಲದಲ್ಲಿ, ಬಾವಿಗಳಿಗೂ ಸುಸ್ತಾಗುತ್ತಿದ್ದ ಕಾಲದಲ್ಲಿ, ಬಂಕಣ್ಣನಾಯಕ ಅಂತ ಒಬ್ಬ ಪಾಳೇಗಾರ ಇದ್ದನಂತೆ. ಅವನು ಹಡಗು ಹತ್ತಿ, ವರ್ಷವಿಡೀ ಮಳೆ ಹುಯ್ಯೋ ದೇಶಕ್ಕೆ ಹೋಗಿ, ಅಲ್ಲಿನ ಹುಲ್ಲುಹಾಸಿಗೆ ಮನಸೋತು, ಆಮೇಲೆ ಆ ಹುಲ್ಲನ್ನ ಪಲ್ಲಕ್ಕಿಯಲ್ಲಿ ಕೂರಿಸಿ ತಾನು ಹಿಂದೆ ಹಿಂದೆ ನಡಕೊಂಡು ಊರಿಗೆ ಬಂದನಂತೆ.

ಅರಮನೆ ಮುಂದೆ ಹುಲ್ಲು ಹಾಸಿದ್ದಾಯ್ತು, ಮೂರು ಹೊತ್ತೂ ನೀರು ಹುಯ್ಯಿಸಿದ್ದಾಯ್ತು. ಬಾವಿ ಇಳೀತು, ಹಗ್ಗ ಉದ್ದವಾಯ್ತು. ಹೆಂಡತಿ ಹೊನ್ನಾಜಮ್ಮ ಮೊದಲು ನಯವಾಗಿ, ದಿನಕ್ಕೊಂದು ಹೊತ್ತು ಸಾಕು ಅಂದಳಂತೆ. ಪರದೇಶದ ಕೂಸು ಕಣೇ, ಬಾಯಾರಿಸಬಾರದು ಅಂದನಂತೆ ನಾಯಕ. ಆಮೇಲೆ, ಅಕ್ಕಿ ತೊಳೆದ ನೀರನ್ನಾದರೂ ಹಾಕಿಸಿ ಅಂದಳಂತೆ. ದೊರೆ ಮನೆ ಹುಲ್ಲಿಗೆ ಕಲಗಚ್ಚೇ ಅಂತ ಮುಖ ಸಿಂಡರಿಸಿದನಂತೆ.

ಅಷ್ಟರಲ್ಲಿ ದೀಪಾವಳಿ ಬಂತು. ಮಗಳು ನಾಗಾಜಿಯ ಮದುವೆಯಾದ ಮೇಲೆ ಮೊದಲನೇ ಹಬ್ಬ. ಅಳಿಯನಿಗೆ ಎಣ್ಣೆಸ್ನಾನ ಮಾಡಿಸದೆ ಕಳಿಸಿದರೆ ಮಗಳು ಗಂಡನ ಮನೇಲಿ ಜನ್ಮಪೂರ್ತಿ ಮಾತು ಕೇಳಬೇಕು. ಹೊನ್ನಾಜಮ್ಮ ಹಿಂದಿನ ಸಂಜೆಯೇ ಬಾವಿಯ ತಳ ಬಳಿಸಿ ಹಂಡೆ ತುಂಬಿಸಿಟ್ಟಳಂತೆ. ಬೆಳಗ್ಗೆ ಅಳಿಯನ ನೆತ್ತಿಗೆ ಎಣ್ಣೆ ಇಟ್ಟಳು, ಅವನು ಪಾದದವರೆಗೂ ಬಳಕೊಂಡ, ಆಮೇಲೆ ಬಚ್ಚಲಿಗೆ ಹೋಗಿ ನೋಡ್ತಾಳೆ, ಒಲೆ ಉರೀತಿದೆ, ಹಂಡೆ ಖಾಲಿ.

ಅಳಿಯ ನೋಡೋವಾಗ ಹುಲ್ಲು ಬಾಡಿರಬಾರದು ಅಂತ ಹುಯ್ದುಬಿಟ್ಟೆ ಅಂದನಂತೆ ನಾಯಕ.

ಅಳಿಯನ ಕಣ್ಣಿಗೆ ಎಣ್ಣೆ ಇಳೀತಿತ್ತು. ಅತ್ತೇ, ನಮ್ಮ ಕಡೆ ಎಣ್ಣೆ ಆದ ಮೇಲೆ ನೀರೂ ಹಾಕ್ತಾರೆ ಅಂದನಂತೆ. ಕೋಪದಿಂದ ಎದ್ದು ಅಂಗಳಕ್ಕೆ ಕಾಲಿಟ್ಟವನೇ, ನೆಂದ ಹುಲ್ಲಿನ ಮೇಲೆ ಜಾರಿ, ಮೈಯೆಲ್ಲ ಕೆಸರು ಮೆತ್ತಿಕೊಂಡು, ನಾಗಾಜೀ, ಗಂಟು ಕಟ್ಟು, ಹೊರಡೋಣ ಅಂದನಂತೆ.

ಹೊನ್ನಾಜಮ್ಮ ಬಾವಿ ಹಗ್ಗ ತಂದು ಗಂಡನ ಕೈಗೆ ಕೊಟ್ಟಳಂತೆ. ಆಳುಗಳೆಲ್ಲ ಹಬ್ಬಕ್ಕೆ ಅವರವರ ಮನೆಗೆ ಹೋಗಿದ್ದಾರೆ, ರಾತ್ರಿ ಒಂದಿಷ್ಟು ನೀರು ಜಿನುಗಿರುತ್ತೆ, ನೀವೇ ಸೇದಿ ಅಂದಳಂತೆ. ನಾಯಕ ಸೇದಿದ. ಕೊಡ ಮೇಲೆ ಬರೋ ಹೊತ್ತಿಗೆ ಅವನ ಉಸಿರು ಕೆಳಗೆ ಹೋಗಿರ್ತಿತ್ತಂತೆ. ಕಾಯಿಸಿ ಹುಯ್ದರೆ ಕೆಸರು ಹೋಗುತ್ತೆ, ಎಣ್ಣೆ ಹೋಗಲ್ಲ. ಮಾವ, ಇನ್ನೊಂದು ಕೊಡ ಅಂತಾನೆ ಅಳಿಯ. ಮಧ್ಯಾಹ್ನದ ಹೊತ್ತಿಗೆ ಅಳಿಯ ಫಳಫಳ, ಮಾವನ ಅಂಗೈ ಬೊಬ್ಬೆ. ದೊರೆ ಕೈಯಿಂದ ಮಿಂದ ಅಳಿಯ ಊರಲ್ಲಿ ಇನ್ನೊಬ್ಬನಿಲ್ಲ ಅಂತ ಹಿಗ್ಗಿ ಅಳಿಯನ ಸಿಟ್ಟೂ ಇಳೀತಂತೆ.

ಇನ್ನು ಹುಲ್ಲಿಗೆ ನೀರು ಸೇದೋದು ನೀವೇ ಅಂತ ಹೊನ್ನಾಜಮ್ಮ ಹಗ್ಗ ವಾಪಸ್ ತಗೊಳ್ಳಲೇ ಇಲ್ಲವಂತೆ. ಮೂರು ಹೊತ್ತು ಒಂದಾಯ್ತು, ಆಮೇಲೆ ವಾರಕ್ಕೊಂದಾಯ್ತು, ಹುಲ್ಲುಹಾಸು ಒಂದು ಚಾಪೆಯಷ್ಟಾಯ್ತು. ಬಾವಿ ತುಂಬಿತು, ಹೊನ್ನಾಜಮ್ಮ ಮನಸಾರೆ ತಲೆಗೆ ಎರಕೊಂಡಳು. ಪಕ್ಕದ ಪಾಳೇಗಾರ ನೋಡೋಕೆ ಬಂದು, ಇಷ್ಟೇನಾ ಅಂದನಂತೆ. ಬಂಕಣ್ಣನಾಯಕ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೂರೋನು ನಾನೊಬ್ಬನೇ ತಾನೇ ಅಂದನಂತೆ.

ಅವನು ಅಲ್ಲಿ ಕೂತ, ನೀನಿಲ್ಲಿ ಮಲಕ್ಕೋ ಪುಟ್ಟಿ, ಕತೆ ಮುಗೀತು.