ಹುಂಜದ ಮೇಲೊಂದು ನೋಟಿಸು

ಧಾರವಾಡದ ಒಂದು ಕಾನೂನು ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಜನರಿಗೆ ಸಲಹೆ ಕೊಡುವ ಕೇಂದ್ರವಿತ್ತು. ಅಲ್ಲಿಗೊಂದು ದಿನ ನಿವೃತ್ತ ಅಧಿಕಾರಿ ಸಂಕನಗೌಡರು ಗುಡುಗುತ್ತ ಬಂದರು.

"ಪಕ್ಕದ ಮನಿ ರಾಚವ್ವನ ಹುಂಜ ನಸುಕಿನ್ಯಾಗ ನನ್ನ ಕಿಟಕಿ ಕೆಳಗ ಬಂದು ಒದರತೈತಿ. ಆಕಿ ಗಡಗಡ ನಡುಗಬೇಕು, ಹಂಗ ನೋಟಿಸು ಬರೀರಿ!"

ವಿದ್ಯಾರ್ಥಿನಿ ಶಿವಲೀಲಾ ಗಾಬರಿಯಿಂದ ಕಾಯ್ದೆ ಪುಸ್ತಕಕ್ಕೆ ಕೈ ಹಾಕಿದಳು. ಪಾಠ ಹೇಳುವ ಹೊಸಮನಿ ಸರ್ ತಡೆದರು. "ಮೊದಲು ಜಾಗಾ ನೋಡಿ ಬಾರವಾ."

ಮರುದಿನ ನಸುಕಿನಲ್ಲೇ ಹೋಗಿ ನೋಡಿ ಬಂದಳು. ಗೌಡರು ಮತ್ತೆ ಬಂದಾಗ ನಗು ನುಂಗಿಕೊಂಡು ಪೆನ್ನು ಹಿಡಿದಳು.

"ಬರೀತೀನ್ರಿ ಗೌಡ್ರ. ಆದ್ರ ಹುಂಜ ತಾನಾಗೇ ಬರಂಗಿಲ್ಲ. ಒಬ್ರು ದಿನಾ ನಿಮ್ಮ ಕಿಟಕಿ ಕೆಳಗ ಜ್ವಾಳ ಚೆಲ್ಲಿ ಅದನ್ನ ಕರೀತಾರ. ನೋಟಿಸು ಅವರಿಗೇ ಹೋಗಬೇಕು."

"ಯಾರವರು? ಬಿಡಬ್ಯಾಡ, ಹೆಸರು ಬರಿ!" ಗೌಡರು ಮೇಜು ಗುದ್ದಿದರು.

"ನಿಮ್ಮ ಮನಿಯವರು ರೀ. ಅಂಚೆಗೆ ಹಾಕಲೋ, ನೀವೇ ಕೈಯಾಗ ಕೊಡ್ತೀರೋ?"

ಗೌಡರ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಒಮ್ಮೆ ಬಾಗಿಲತ್ತ ನೋಡಿ ದನಿ ತಗ್ಗಿಸಿದರು.

"ನೋಟಿಸು ಬ್ಯಾಡ ಬಿಡವಾ. ಖರೇ ಹೇಳ್ಬೇಕಂದ್ರ, ಆ ಹುಂಜದ ದನಿ ಭಾಳ ಛಲೋ ಐತಿ."